ನಾನು ಹತ್ತದ ದೋಣಿ

ದೆವ್ವ ಭೂತ ಅಂತ ಯಾರಾದರೂ ಶುರು ಮಾಡಿದರೆ ನಾನು ಎದ್ದು ಹೋಗುತ್ತಿದ್ದೆ. ಹೆದರಿಕೆಯಿಂದಲ್ಲ, ಹೇಸಿಗೆಯಿಂದ. ಮದುವೆಮನೆಯಲ್ಲಿ ಊಟ ಮುಗಿಸಿ, ಎಲೆಅಡಿಕೆ ಜಗಿಯುತ್ತಾ, ಕಣ್ಣರಳಿಸಿಕೊಂಡು ಇಂಥ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹೇಳುವವರು ಸ್ವತಃ ಏನೂ ಕಂಡಿರುವುದಿಲ್ಲ. ಅವರ ಚಿಕ್ಕಮ್ಮನ ನಾದಿನಿ ಕಂಡಿರುತ್ತಾಳೆ. ನಾನು ಮೂವತ್ತು ವರ್ಷ ಒಂದು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಕೂತು ಗೆರೆ ಎಳೆದವಳು. ಅಳತೆಗೆ ಸಿಗದ್ದು ಲೋಕದಲ್ಲಿ ಇಲ್ಲ ಅಂತಲೇ ತಿಳಿದಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವು ಅರ್ಧಕ್ಕೇ ಎದ್ದು ಹೋದರೆ ಬೇಜಾರು ಮಾಡಿಕೊಳ್ಳುವುದಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಮ್ಮ ಮನೆ ಕಗ್ಗದಾಸಪುರದಲ್ಲಿ. ನಮ್ಮ ಯಜಮಾನರೂ ಅದೇ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು. ರಿಟೈರ್ ಆದವರು ವಾಕಿಂಗ್ ಹೋಗುತ್ತಾರೆ, ಪೇಪರ್ ಓದುತ್ತಾರೆ, ಹೆಂಡತಿಯ ಅಡುಗೆಗೆ ತಪ್ಪು ಹುಡುಕುತ್ತಾರೆ. ಇವರು ದೋಣಿ ಕಟ್ಟಲು ಕೂತರು. ಇವರ ಹುಟ್ಟೂರು ಕೆ.ಆರ್. ಪುರದ ಆಚೆ. ಚಿಕ್ಕವರಿದ್ದಾಗ ಎರಡು ಬಾಳೆದಿಂಡು ಜೋಡಿಸಿಕೊಂಡು ಊರ ಕೆರೆ ದಾಟುತ್ತಿದ್ದರಂತೆ. ಆ ಹುಚ್ಚು ಐವತ್ತು ವರ್ಷ ಒಳಗೇ ಕೂತಿದ್ದು ಮೇಲೆದ್ದಿತು. ಎರಡು ಸಪೂರ ದೋಣಿಗಳನ್ನು ಪಕ್ಕಪಕ್ಕ ಇಟ್ಟು, ನಡುವೆ ಪೈಪು ಹಾಕಿ ಬಿಗಿದು, ಪೈಪುಗಳಿಗೆ ಬಲೆ ಕಟ್ಟಿ, ಮೇಲೆ ಒಂದು ಹಾಯಿ ಏರಿಸಿದರೆ ಅದು ಕಟಮರಾನ್. ಇಂಟರ್ನೆಟ್ಟಿನಿಂದ ಅದರ ನಕ್ಷೆ ತೆಗೆಸಿ, ಕಾರು ನಿಲ್ಲಬೇಕಾದ ಜಾಗದಲ್ಲಿ ಪ್ಲೈವುಡ್ ಕೊಯ್ಯತೊಡಗಿದರು. ಒಂದು ವರ್ಷ ನಮ್ಮ ಮನೆಯ ಸಾರಿಗೂ ಅದಕ್ಕೆ ಬಳಿಯುವ ಫೈಬರ್ ಅಂಟಿನ ವಾಸನೆ.

ಎರಡೂ ದೋಣಿ ಮುಗಿದು, ಹಾಯಿಯ ಕಂಬ ನಿಲ್ಲಿಸುವುದಷ್ಟೇ ಬಾಕಿ ಇದ್ದಾಗ ಅವರಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಎಡಗೈ ಹೋಯಿತು, ಎಡಗಾಲು ಎಳೆಯುವಂತಾಯಿತು, ಬಾಯಿ ಒಂದು ಪಕ್ಕಕ್ಕೆ ವಾಲಿತು. ದೋಣಿಯ ಕಥೆ ಮುಗಿಯಿತು ಅಂತ ನಾನು ಒಳಗೊಳಗೇ ನಿಟ್ಟುಸಿರು ಬಿಟ್ಟೆ. ಆರು ತಿಂಗಳಿಗೆ ಅವರು ಗೋಡೆ ಹಿಡಿದುಕೊಂಡು ಹೊರಗೆ ಬಂದು ದೋಣಿಯ ಪಕ್ಕ ಕುರ್ಚಿ ಹಾಕಿಸಿಕೊಂಡರು.

ನಕ್ಷೆಯಲ್ಲಿದ್ದ ಹಾಯಿ ಅವರ ಕೈಲಾಗುವಂಥದ್ದಲ್ಲ. ಇಪ್ಪತ್ತಡಿಯ ಕಂಬ, ಎತ್ತರದ ಮೂರು ಮೂಲೆಯ ಹಾಯಿ, ಅದರ ಮುಂದೆ ಇನ್ನೊಂದು ಚಿಕ್ಕ ಹಾಯಿ, ಅವಕ್ಕೆಲ್ಲ ನಾಲ್ಕೈದು ಹಗ್ಗ. ಎರಡೂ ಕೈ ನೆಟ್ಟಗಿದ್ದವನಿಗೇ ಮೂರನೆಯ ಕೈ ಬೇಕು. ಬೇರೆ ಏನಾದರೂ ನೋಡು ಅಂತ ನನ್ನ ಮುಂದೆ ಕಾಗದ ಹಾಕಿದರು. ಅಲ್ಲಿಂದ ಶುರುವಾದ ಜಗಳ ಎರಡು ತಿಂಗಳು ನಡೆಯಿತು. ದೂರದ ಸಮುದ್ರದ ದ್ವೀಪಗಳಲ್ಲಿ ಏಡಿಯ ಕೊಂಡಿಯ ಹಾಗೆ ಎರಡು ಗಳು ಬಾಯ್ತೆರೆದುಕೊಂಡು ನಿಲ್ಲುವ ಹಾಯಿ ಇದೆಯಂತೆ. ಅದನ್ನು ಬಿಡಿಸಿ ನೋಡಿದೆ. ದೋಣಿ ತಿರುಗಿಸಬೇಕಾದರೆ ಗಳುಗಳನ್ನೇ ಎತ್ತಿ ಆಚೆ ಪಕ್ಕಕ್ಕೆ ಹಾಕಬೇಕು. ಅದೂ ಆಗದು. ಕೊನೆಗೆ ನಾನು ಆರಿಸಿದ್ದು ಚೌಕದ ಹಾಯಿ. ಗಿಡ್ಡ ಕಂಬಕ್ಕೆ ಓರೆಯಾಗಿ ಒಂದು ಬಿದಿರು, ಆ ಬಿದಿರಿಗೆ ನಾಲ್ಕು ಮೂಲೆಯ ಬಟ್ಟೆ. ಏರಿಸುವ ಹಗ್ಗ ಬಿಟ್ಟರೆ ಧಡಕ್ಕನೆ ಕೆಳಗೆ ಬೀಳುತ್ತದೆ, ಅಷ್ಟಕ್ಕೆ ಅಪಾಯ ಮುಗಿಯಿತು.

“ಇದೇನ್ ದೋಣೀನೇ, ಪಂಚೆ ಒಣಗಾಕಿರೋ ಹಂಗಿದೆ” ಅಂದರು. ಮಾತು ತೊದಲುತ್ತಿತ್ತು, ಕೊಂಕು ಮಾತ್ರ ಸ್ಪಷ್ಟ.

“ಬದುಕಿದ್ರೆ ತಾನೇ ರೀ ಜಂಬ?” ಅಂದೆ.

ಆ ಹಾಯಿಯ ದೋಷ ನನಗೂ ಗೊತ್ತಿತ್ತು. ಗಾಳಿಯ ಜೊತೆ ಚೆನ್ನಾಗಿ ಓಡುತ್ತದೆ, ಎದುರು ಗಾಳಿಗೆ ಮೊಂಡು. ವಾಪಸ್ಸು ಬರಬೇಕಾದರೆ ಅಂಕುಡೊಂಕಾಗಿ, ಹಾಯಿಯನ್ನು ಎಳೆದು ಬಿಟ್ಟು ಮಾಡುತ್ತಾ ಬರಬೇಕು. ಅದಕ್ಕೆ ಅವರ ಒಂದು ಕೈ ಸಾಲದು, ಆ ಕೈಯಲ್ಲಿ ಚುಕ್ಕಾಣಿ ಇರುತ್ತದೆ. “ಹಾಯಿ ಹಗ್ಗ ನಾನು ಹಿಡೀತೀನಿ, ನಾನೂ ಬರ್ತೀನಿ” ಅಂದೆ. ಆ ಮಾತಿಗೆ ಅವರು ಒಪ್ಪಿದರು. ಅವರು ಎಡದ ದೋಣಿಯ ಮೇಲೆ, ನಾನು ಬಲದ ದೋಣಿಯ ಮೇಲೆ. ಹಗ್ಗವನ್ನು ನನ್ನ ಪಕ್ಕದ ಗೂಟಕ್ಕೆ ಬರುವಂತೆ ನಕ್ಷೆಯಲ್ಲಿ ಬಿಡಿಸಿದೆ. ಅವರು ಕೂತ ಜಾಗಕ್ಕೆ ಅದು ಐದಡಿ ದೂರ, ಕೈಗೆ ಎಟುಕದು.

ಹಾಯಿ ಹೊಲಿದವರು ಶಿವಾಜಿನಗರದ ರಹಮತ್ ಭಾಯ್. ಶಾಮಿಯಾನ, ಟಾರ್ಪಾಲು ಹೊಲಿಯುವುದು ಅವರ ಕಸುಬು. ಅಷ್ಟು ದೊಡ್ಡ ಬಟ್ಟೆ ಹರಡಲು ಅಂಗಡಿಯಲ್ಲಿ ಜಾಗವಿಲ್ಲ ಅಂತ, ಮದುವೆ ಇಲ್ಲದ ಒಂದು ದಿನ ಫ್ರೇಜರ್ ಟೌನಿನ ಶಾದಿ ಮಹಲ್ ಒಂದರ ನೆಲದ ಮೇಲೆ ಹರಡಿ, ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ನಾನು ಎಳೆದಿದ್ದ ನೇರ ಗೆರೆಗಳನ್ನು ನೋಡಿ ನಕ್ಕರು. “ಅಕ್ಕಾ, ಬಟ್ಟೆಗೆ ಹೊಟ್ಟೆ ಇಡ್ಬೇಕು. ಟೈಟ್ ಮಾಡಿದ್ರೆ ಗಾಳಿ ಹರ್ದಾಕ್ತೈತೆ” ಅಂದರು. ಶಾಮಿಯಾನ ಕಟ್ಟಿ ಕಟ್ಟಿ ಅವರಿಗೆ ಗಾಳಿಯ ಗುಣ ಗೊತ್ತು. ಹಾಗೇ ಮಾಡಿ ಅಂದೆ. ದೋಣಿ ನೋಡುವ ಆಸೆಗೆ, ಟೆಂಪೋದಲ್ಲಿ ತಾವೂ ಜೊತೆಗೆ ಬರುವುದಾಗಿ ಹೇಳಿದರು.

ಆಷಾಢದ ಒಂದು ಭಾನುವಾರ, ಮಧ್ಯಾಹ್ನ ನಾಲ್ಕು ಗಂಟೆ ಹೊತ್ತಿಗೆ ನಮ್ಮ ಯಜಮಾನರ ಊರ ಕೆರೆಗೆ ಹೋದೆವು. ಕೆರೆಯ ಹೆಸರು ಹೇಳುವುದಿಲ್ಲ, ಊರಿನವರಿಗೆ ನೋವಾಗುತ್ತದೆ. ಟೆಂಪೋ ನಿಲ್ಲುವ ಮೊದಲೇ ವಾಸನೆ ಬಂದು ಗಂಟಲಲ್ಲಿ ಕೂತಿತು. ದಡದುದ್ದಕ್ಕೂ ಬೂದಿ ಬಣ್ಣದ ನೊರೆ. ಕೋಳಿ ಅಂಗಡಿಯವರು ಎಸೆದ ಚೀಲಗಳು ಬಾಯಿ ಬಿಚ್ಚಿಕೊಂಡು ಬಿದ್ದಿದ್ದವು, ಒಳಗೆ ಕರುಳು. ಕ್ಷೌರದಂಗಡಿಯ ಕೂದಲ ಗಂಟೊಂದು ಪೂಜೆಯ ಹಾರಕ್ಕೆ ಸುತ್ತಿಕೊಂಡು ತೇಲುತ್ತಿತ್ತು. ಸತ್ತ ಮೀನುಗಳ ಬಿಳಿ ಹೊಟ್ಟೆಯ ಮೇಲೆ ನೊಣ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇವರೋ, ಕಾಲೆಳೆದುಕೊಂಡು ಹೋಗಿ, ಬಲಗೈಯನ್ನು ಆ ನೀರಲ್ಲಿ ಅದ್ದಿ ಕಣ್ಣಿಗೊತ್ತಿಕೊಂಡರು! ಥೂ, ಅಂತ ನನ್ನ ಬಾಯಿಂದ ಜೋರಾಗಿಯೇ ಬಂತು.

ರಹಮತ್ ಭಾಯ್ ಮತ್ತು ಟೆಂಪೋದವರು ಸೇರಿ ದೋಣಿಯನ್ನು ನೀರಿಗಿಳಿಸಿದರು. ಹತ್ತಬೇಕಾದರೆ ಮೊಣಕಾಲುದ್ದ ಆ ಕೊಚ್ಚೆಯಲ್ಲಿ ಇಳಿಯಬೇಕು. ನಾನು ಇಳಿಯುವುದಿಲ್ಲ ಅಂದೆ.

“ಬರ್ತೀನಿ ಅಂದಿದ್ದೆ” ಅಂದರು ಅವರು.

“ಬಚ್ಚಲಲ್ಲಿ ದೋಣಿ ಬಿಡ್ತೀರ ಅಂತ ನಂಗೆ ಗೊತ್ತಿರ್ಲಿಲ್ಲ” ಅಂದೆ.

ಅವರು ಮತ್ತೆ ಕರೆಯಲಿಲ್ಲ. ಹಾಯಿ ಏರಿಸುವುದಿಲ್ಲ, ಸುಮ್ಮನೆ ದಡದ ಹತ್ತಿರ ಹತ್ತು ನಿಮಿಷ ಕೂತು ಬರುತ್ತೇನೆ ಅಂದರು. ನಾನು ಸೆರಗನ್ನು ಮೂಗಿಗೆ ಹಿಡಿದು ಏರಿಯ ಮೇಲೆ ಹತ್ತಿ, ಒಂದು ಹೊಂಗೆ ಮರದ ಕೆಳಗೆ ಕೆರೆಗೆ ಬೆನ್ನು ಹಾಕಿ ನಿಂತು ವಾಂತಿ ಮಾಡಿಕೊಂಡೆ. ಬಾಯಿ ತೊಳೆಯುತ್ತಿದ್ದಾಗ ರಹಮತ್ ಭಾಯ್ ಕೂಗಿದ್ದು ಕೇಳಿಸಿತು.

ತಿರುಗಿ ನೋಡಿದರೆ ದೋಣಿ ಆಗಲೇ ಕೆರೆಯ ಅರ್ಧಕ್ಕೆ ಹೋಗಿತ್ತು. ಒಂದು ಕೈ ಮತ್ತು ಹಲ್ಲಿನಲ್ಲಿ ಎಳೆದು ಹಾಯಿ ಏರಿಸಿದ್ದರು. ಹಾಯಿಯ ಹಗ್ಗವನ್ನು ತಮ್ಮ ಪಕ್ಕದ ಪೈಪಿಗೇ ಕಟ್ಟಿಕೊಂಡಿದ್ದರಂತೆ. ಕಟ್ಟುವುದನ್ನು ರಹಮತ್ ಭಾಯ್ ಕಣ್ಣಾರೆ ನೋಡಿದ್ದರು, ಬೇಡ ಅಂತ ಕೂಗಿದ್ದರು. ಪಡುವಣ ಗಾಳಿ ನಮ್ಮ ಬೆನ್ನ ಹಿಂದಿನಿಂದ ಭರ್ರೆಂದು ಬೀಸುತ್ತಿತ್ತು. ದೋಣಿ ಓಡುತ್ತಿತ್ತು. ಅವರು ಕೂತಿರಲಿಲ್ಲ. ಎರಡು ದೋಣಿಗಳ ನಡುವಿನ ಬಲೆಯ ಮೇಲೆ ಬೋರಲು ಬಿದ್ದಿದ್ದರು.

ರಹಮತ್ ಭಾಯ್ ಏರಿಯ ಮೇಲೆ ಓಡತೊಡಗಿದರು. ಆಚೆ ದಡದಲ್ಲಿ ಮೀನಿನವರ ಹರಿಗೋಲೊಂದು ಇತ್ತು, ಅದರ ಹತ್ತಿರ ಯಾರೂ ಇರಲಿಲ್ಲ. ಟೆಂಪೋದವರು ಫೋನು ಹಿಡಿದು ಯಾರನ್ನೋ ಕರೆಯುತ್ತಿದ್ದರು. ನಾನು ಓಡಲಿಲ್ಲ, ಕೂಗಲೂ ಇಲ್ಲ. ಆಗ ನನ್ನ ತಲೆಗೆ ಬಂದ ಮಾತನ್ನು ಯಾರಿಗೂ ಹೇಳಿಲ್ಲ. ‘ಸದ್ಯ, ಮುಗೀತು.’ ಇಷ್ಟೇ ಬಂದದ್ದು. ನಲವತ್ತು ವರ್ಷ ಸಂಸಾರ ಮಾಡಿದ ಗಂಡ ಕಣ್ಣೆದುರಿಗೆ ಹೋಗುತ್ತಿದ್ದಾಗ ಬಂದದ್ದು. ಕೆರೆಯಲ್ಲಿ ತೇಲುತ್ತಿದ್ದ ಕೊಳಕು ಅದರ ಮುಂದೆ ಏನೂ ಅಲ್ಲ.

ಆಮೇಲೆ ಹಾಯಿ ಒಮ್ಮೆ ಪಟಪಟ ಬಡಿದುಕೊಂಡಿತು. ದೋಣಿ ನಿಧಾನಕ್ಕೆ ತಿರುಗಿತು. ತಿರುಗಿ, ನಮ್ಮ ಕಡೆಗೆ ಬರತೊಡಗಿತು.

ಇದನ್ನು ಓದುವ ನಿಮಗೆ ಇದರಲ್ಲಿ ಏನು ವಿಚಿತ್ರ ಅಂತ ಅನ್ನಿಸಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ಗಾಳಿ ಬರುತ್ತಿದ್ದ ದಿಕ್ಕಿಗೇ ನೇರವಾಗಿ ಹೋಗುವ ಹಾಯಿ ಯಾವುದೂ ಇಲ್ಲ. ಎತ್ತರದ್ದಾಗಲಿ, ಏಡಿಯದ್ದಾಗಲಿ, ನನ್ನ ಚೌಕದ್ದಾಗಲಿ, ಯಾವುದಕ್ಕೂ ಆಗದು. ನನ್ನ ಸೀರೆ ಕೆರೆಯ ಕಡೆಗೆ ಹಾರುತ್ತಿತ್ತು. ನೊರೆಯ ತುಣುಕುಗಳು ನಮ್ಮಿಂದ ಆಚೆಗೆ ಹಾರಿ ಹೋಗುತ್ತಿದ್ದವು. ಹಾಯಿ ಮಾತ್ರ ನಮ್ಮ ಕಡೆಗೆ ಹೊಟ್ಟೆ ಉಬ್ಬಿಸಿಕೊಂಡಿತ್ತು. ಅಂಕಿಲ್ಲ, ಡೊಂಕಿಲ್ಲ, ಕಾಗದದ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ ಬಂತು. ನನಗೆ ಹೆದರಿಕೆಯಾಗಲಿಲ್ಲ. ಕೊಳೆತ ಹಣ್ಣಿಗೆ ಗೊತ್ತಿಲ್ಲದೆ ಬೆರಳು ಹಾಕಿದಾಗ ಆಗುತ್ತದಲ್ಲ, ಹಾಗಾಯಿತು.

ದೋಣಿ ನೊರೆಯೊಳಕ್ಕೆ ನುಗ್ಗಿ ದಡಕ್ಕೆ ತಾಗಿದ ಕೂಡಲೇ ಹಾಯಿ ಕುಸಿದು ಬಿತ್ತು. ಆಗ ನಾನು ಇಳಿದೆ. ಇಳಿದದ್ದು ನೆನಪಿಲ್ಲ, ಸೊಂಟದವರೆಗೆ ನೆನೆದದ್ದು ನೆನಪಿದೆ. ಅವರಿಗೆ ಉಸಿರಿತ್ತು. ಹಣೆ, ಕೆನ್ನೆ, ಕೂದಲೆಲ್ಲ ಹಸಿರು ಲೋಳೆ ಮೆತ್ತಿತ್ತು. ಬಾಯಿಯ ಸುತ್ತ ಮಾತ್ರ ಒರೆಸಿದಂತೆ ಚೊಕ್ಕಟವಾಗಿತ್ತು. ಹಾಯಿಯ ಹಗ್ಗ ಅವರು ಕಟ್ಟಿಕೊಂಡಿದ್ದ ಪೈಪಿನಲ್ಲಿ ಇರಲಿಲ್ಲ. ಬಲದ ದೋಣಿಯಲ್ಲಿ, ನಾನು ಕೂರಬೇಕಾಗಿದ್ದ ಜಾಗದ ಗೂಟಕ್ಕೆ ಎರಡು ಸುತ್ತು ಬಿಗಿದಿತ್ತು. ಏದುಸಿರು ಬಿಡುತ್ತಾ ವಾಪಸ್ಸು ಬಂದ ರಹಮತ್ ಭಾಯ್ ಗೂಟವನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ನಮ್ಮ ಯಜಮಾನರನ್ನು ಹೆಗಲಿಗೆ ಹಾಕಿಕೊಂಡರು. ಆಸ್ಪತ್ರೆಯಲ್ಲಿ ಕಾಯುತ್ತಾ ಕೂತಿದ್ದಾಗ ಒಂದೇ ಮಾತು ಆಡಿದ್ದು: “ಆ ಬಟ್ಟೆ ನಾನು ಹೊಲ್ದಿದ್ದು ಅಕ್ಕಾ. ಅದು ಹಂಗೆ ಉಬ್ಬಲ್ಲ.”

ದೋಣಿಯ ಮೇಲೆ ಅವರಿಗೆ ಎರಡನೆಯ ಸ್ಟ್ರೋಕ್ ಆಗಿತ್ತಂತೆ. ಮೂರನೆಯ ದಿನ ನಮ್ಮ ಯಜಮಾನರಿಗೆ ಮಾತು ಬಂತು. ಬಂದ ಮೊದಲ ಮಾತಿಗೇ ನಕ್ಕರು.

“ಬರಲ್ಲ ಬರಲ್ಲ ಅಂದೋಳು ಕೊನೆಗೂ ಬಂದ್ಯಲ್ಲೇ” ಅಂದರು. “ದಾರಿಯುದ್ದಕ್ಕೂ ಎಷ್ಟ್ ಬೈದೆ! ಹಗ್ಗ ಒಂದ್ ಕೈಲಿ ಹಿಡ್ಕೊಂಡೇ ಬೈದೆ. ಬೈತಾನೇ ಸೆರಗಲ್ಲಿ ಬಾಯಿ ಒರೆಸ್ದೆ.”

ಇಲ್ಲಿ ನನ್ನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಮೊದಲ ಸ್ಟ್ರೋಕ್ ಆದಾಗಿನಿಂದ ಅವರ ಬಾಯಿಯ ಎಡತುದಿಯಿಂದ ಜೊಲ್ಲು ಇಳಿಯುತ್ತದೆ. ಊಟದ ಹೊತ್ತಿಗೆ ಅನ್ನ ಸೇರಿಕೊಂಡು ಇಳಿಯುತ್ತದೆ. ನಾನು ಕೈಗೆ ಗ್ಲೌಸ್ ಹಾಕಿಕೊಂಡು, ಟಿಶ್ಯೂ ಹಿಡಿದು, ಮುಖ ಆ ಕಡೆ ತಿರುಗಿಸಿಕೊಂಡು ಒರೆಸುತ್ತಿದ್ದೆ. ತಿರುಗಿಸಿಕೊಳ್ಳುವುದನ್ನು ಅವರು ನೋಡುತ್ತಿದ್ದರು. ಸೆರಗಿನಲ್ಲಿ ನಾನು ಒಂದು ದಿನವೂ ಒರೆಸಿರಲಿಲ್ಲ. ಆ ದಿನ ಸೆರಗು ನನ್ನ ಮೂಗಿನ ಮೇಲಿತ್ತು, ನಾನು ಏರಿಯ ಮೇಲಿದ್ದೆ, ‘ಸದ್ಯ, ಮುಗೀತು’ ಅಂತ ನಿಂತಿದ್ದೆ.

ನಾನಲ್ಲ ರೀ, ಅಂತ ಹೇಳಬೇಕಿತ್ತು. ಅವರು ಅಷ್ಟು ಸಂತೋಷದಿಂದ ನನ್ನ ಮುಖ ನೋಡುತ್ತಿದ್ದರು. ಹೂಂ ಅಂದುಬಿಟ್ಟೆ.

ಮನೆಗೆ ಬಂದ ಮೇಲೆ ಕಾಗದ ಹರಡಿಕೊಂಡು ತಿಂಗಳುಗಟ್ಟಲೆ ಕೂತೆ. ಕೆರೆಯ ಆಚೆ ಇರುವ ಎತ್ತರದ ಅಪಾರ್ಟ್‌ಮೆಂಟುಗಳಿಗೆ ಬಡಿದು ಗಾಳಿ ವಾಪಸ್ಸು ತಿರುಗಿತೇ? ಹಾಗಿದ್ದರೆ ನೊರೆಯೂ ನಮ್ಮ ಕಡೆಗೇ ಹಾರಬೇಕಿತ್ತು. ಅವರೇ ಅರೆ ಎಚ್ಚರದಲ್ಲಿ ತೆವಳಿ ಹಗ್ಗ ಬದಲಾಯಿಸಿದರೇ? ಬದಲಾಯಿಸಿದರು ಅಂತಲೇ ಇಟ್ಟುಕೊಂಡರೂ ಎದುರು ಗಾಳಿಯ ಲೆಕ್ಕ ಕೂಡುವುದಿಲ್ಲ. ಪ್ರಜ್ಞೆ ತಪ್ಪಿದವರಿಗೆ ಏನೇನೋ ಕಾಣುತ್ತದೆ ಅಂದರು ಡಾಕ್ಟರು. ಅವರಿಗೆ ಏನಾದರೂ ಕಾಣಲಿ, ದೋಣಿ ಎದುರು ಗಾಳಿಗೆ ಬಂದದ್ದನ್ನು ಕಂಡದ್ದು ನನ್ನ ಕಣ್ಣು. ಬಿಡಿಸಿದ ಹಾಳೆಗಳನ್ನೆಲ್ಲ ಹರಿದು ಹಾಕಿದೆ.

ಐದು ವರ್ಷವಾಯಿತು. ದೋಣಿ ಮನೆ ಮುಂದೆ ಟಾರ್ಪಾಲು ಹೊದ್ದು ಬಿದ್ದಿದೆ, ಮತ್ತೆ ನೀರು ಕಂಡಿಲ್ಲ. ಆ ಎತ್ತರದ ಹಾಯಿಯ ಮಾತನ್ನು ಅವರು ಎತ್ತುವುದಿಲ್ಲ. ಇವಳು ಆರಿಸಿದ್ದೇ ಸರಿ, ಇವಳು ಹಗ್ಗ ಹಿಡಿದರೆ ಎದುರು ಗಾಳಿ ಲೆಕ್ಕಕ್ಕಿಲ್ಲ ಅಂತ ಬಂದವರ ಮುಂದೆಲ್ಲ ಹೇಳುತ್ತಾರೆ. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋಗುತ್ತೇನೆ. ಊಟವಾದ ಮೇಲೆ ಅವರು ಮುಖವನ್ನು ನನ್ನ ಕಡೆಗೆ ಚಾಚಿ ಕಣ್ಣು ಮುಚ್ಚಿಕೊಂಡು ಕಾಯುತ್ತಾರೆ. ಮೊದಲು ಹೀಗೆ ಕಾಯುತ್ತಿರಲಿಲ್ಲ. ಈಗ ನಾನು ಸೆರಗಿನಲ್ಲೇ ಒರೆಸುತ್ತೇನೆ. ಮುಖ ತಿರುಗಿಸುವುದಿಲ್ಲ. ವಾಕರಿಕೆ ಮಾತ್ರ ಇವತ್ತಿಗೂ ಬರುತ್ತದೆ. ಆ ದೋಣಿಯಲ್ಲಿ ಕೂತಿದ್ದವಳಿಗೆ ಬಂದಿತ್ತೋ ಇಲ್ಲವೋ, ನಾನು ಯಾರನ್ನು ಕೇಳಲಿ?