ಮೋಟರಿನ ನಂಬರಿಗೆ ಹೋದ ನೋಟಿಸು

ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ ನಾನು ಚಿಕ್ಕೋಡಿಯಲ್ಲಿದ್ದೆ. ಒಂದು ಖಾಸಗಿ ಮೊಬೈಲ್ ಕಂಪನಿಯ ಟವರುಗಳನ್ನು ನೋಡಿಕೊಳ್ಳುವ ಕೆಲಸ. ಅಲಖನೂರ, ಪಾಲಬಾವಿಯಿಂದ ಹಿಡಿದು ಕೃಷ್ಣೆಯ ದಂಡೆಯ ಊರುಗಳವರೆಗೆ ನನ್ನ ತಿರುಗಾಟ. ಆ ಬೇಸಿಗೆಯಲ್ಲಿ ಒಂದು ದೂರು ಬಂತು: ‘ಫೋನ್ ಮಾಡಿದರೆ ಮೋಟರ್ ಎತ್ತುತ್ತಿಲ್ಲ.’ ಕಚೇರಿಯಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವರು ಯಾರೂ ಕಬ್ಬಿಗೆ ನೀರು ಹಾಯಿಸಿದವರಲ್ಲ.

ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಕಡೆ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಮೊಬೈಲ್ ಸ್ಟಾರ್ಟರ್ ಕೂಡಿಸುತ್ತಾರೆ. ಅದರೊಳಗೆ ಒಂದು ಸಿಮ್ ಇರುತ್ತದೆ. ಮನೆಯಲ್ಲಿ ಕೂತು ಆ ನಂಬರಿಗೆ ಕರೆ ಮಾಡಿದರೆ ಮೋಟರ್ ಚಾಲೂ, ಮತ್ತೆ ಮಾಡಿದರೆ ಬಂದ್. ಅದಕ್ಕೆ ಬೇಕಾದದ್ದು ವ್ಯಾಲಿಡಿಟಿ ಮಾತ್ರ, ಅಂದರೆ ನಂಬರ್ ಜೀವಂತವಾಗಿರುವ ಅವಧಿ. ಆದರೆ ನಮ್ಮ ಕಂಪನಿ ಬರೀ ವ್ಯಾಲಿಡಿಟಿ ಮಾರುತ್ತಿರಲಿಲ್ಲ. ಬಾಯಿಲ್ಲದ ಯಂತ್ರಕ್ಕೂ ಅನ್‌ಲಿಮಿಟೆಡ್ ಮಾತು, ದಿನಕ್ಕಿಷ್ಟು ಡೇಟಾ ಕಟ್ಟಿಯೇ ಕೊಡುತ್ತಿತ್ತು.

ದೂರು ಕೊಟ್ಟವರು ಪದ್ಮಕ್ಕ, ರಾಯಬಾಗ ತಾಲ್ಲೂಕಿನ ಹೊಳೆದಂಡೆಯ ಒಂದು ಊರಿನ ಜೈನ ರೈತ ಮನೆತನದವರು. ಗಂಡ ತೀರಿಕೊಂಡ ಮೇಲೆ ಕಬ್ಬಿನ ಹೊಲವನ್ನು ತಾವೇ ಮಾಡಿಸುತ್ತಿದ್ದರು. ಮೊಣಕಾಲು ನೋವು, ಹೊಳೆಯ ಇಳಿಜಾರಿನಲ್ಲಿರುವ ಪಂಪಿನವರೆಗೆ ಹೋಗಿಬರುವುದು ಆಗದ ಮಾತು. ಮೈದುನ ಬಾಳಗೌಡ ಹೊಲವನ್ನು ತನಗೆ ಲಾವಣಿಗೆ, ಅಂದರೆ ವರ್ಷಗಳ ಕರಾರಿನ ಮೇಲೆ ಸಾಗುವಳಿಗೆ ಕೊಡು ಎಂದು ಮೊದಲಿನಿಂದಲೂ ಬೆನ್ನು ಹತ್ತಿದ್ದ. ಆ ಸ್ಟಾರ್ಟರ್ ಇದ್ದದ್ದರಿಂದ ಪದ್ಮಕ್ಕ ಬೇಡ ಎನ್ನಲು ಸಾಧ್ಯವಾಗಿತ್ತು.

ಒಂದು ದಿನ ಕರೆ ಮಾಡಿದರೆ, ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಉತ್ತರ ಬಂತು. ಸಿಮೆಂಟಿನಲ್ಲಿ ಬೋಲ್ಟು ಹಾಕಿ ಕೂಡಿಸಿದ ಮೋಟರ್ ಎಲ್ಲಿಗೆ ಹೋದೀತು? ರಿಚಾರ್ಜ್ ಅಂಗಡಿಯವನು ಪ್ಲಾನ್ ಮುಗಿದಿರಬೇಕು ಎಂದು ಹೊಸದು ಹಾಕಿದ. ಆಗಲಿಲ್ಲ. ಅದಕ್ಕಿಂತ ದೊಡ್ಡದು ಹಾಕಿದ. ಕೊನೆಗೆ ಫೈವ್ ಜಿ ಪ್ಲಾನನ್ನೂ ಹಾಕಿ ಕಳಿಸಿದ. ಕಾಲ್ ಸೆಂಟರಿನವರು ಆ ಊರಿನಲ್ಲಿ ಸಿಗ್ನಲ್ ಚೆನ್ನಾಗಿದೆ ಎಂದು ದೂರನ್ನು ಎರಡು ಸಲ ಮುಚ್ಚಿದರು. ಮೂರನೆಯ ಸಲ ಅದು ನನ್ನ ಕೈಗೆ ಬರುವ ಹೊತ್ತಿಗೆ ತಿಂಗಳು ಕಳೆದಿತ್ತು.

ಓದಿದ ಕೂಡಲೇ ಕಾರಣ ಹೊಳೆಯಿತು. ಪ್ಲಾನ್ ಎಂದರೆ ನೀವು ಎಷ್ಟು ಬಳಸಬಹುದು ಎಂಬ ಕರಾರು, ಅಷ್ಟೇ. ನಿಮ್ಮ ಸಾಧನಕ್ಕೆ ಕೇಳಿಸುವ ಸಿಗ್ನಲ್ ಗಾಳಿಯಲ್ಲಿದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಪದ್ಮಕ್ಕನ ಸ್ಟಾರ್ಟರ್ ಹಳೆಯದು, ಟೂ ಜಿ ಬಿಟ್ಟು ಬೇರೇನೂ ಅದಕ್ಕೆ ಕೇಳಿಸದು. ಕಂಪನಿ ಆ ಟವರಿನಲ್ಲಿ ಟೂ ಜಿ ನಿಲ್ಲಿಸಿ, ಆ ತರಂಗಾಂತರವನ್ನು ಫೋರ್ ಜಿಗೆ ಕೊಟ್ಟಿತ್ತು. ಇದಕ್ಕೆ ಎಷ್ಟು ದೊಡ್ಡ ಪ್ಲಾನ್ ಹಾಕಿದರೂ ದಂಡ. ಮೇಲಿನ ಕಚೇರಿಗೆ ಫೋನ್ ಮಾಡಿ ಗ್ರಾಹಕರಿಗೆ ಮೊದಲೇ ತಿಳಿಸಿದ್ದಿರಾ ಎಂದು ಕೇಳಿದೆ. ‘ಆ ನಂಬರಿಗೆ ಮೂರು ಸಲ ಎಸ್ಸೆಮ್ಮೆಸ್ ಹೋಗಿದೆ, ನಮ್ಮ ಜವಾಬ್ದಾರಿ ಮುಗೀತು’ ಎಂದರು.

ಮರುದಿನವೇ ಹೋದೆ. ಪಂಪಿನ ಪಕ್ಕದಲ್ಲಿ ನನ್ನ ಫೋನಿನಲ್ಲಿ ಸಿಗ್ನಲಿನ ಕಡ್ಡಿಗಳೆಲ್ಲ ತುಂಬಿದ್ದವು. ಕಬ್ಬಿನ ಗರಿ ಮಾತ್ರ ಅರ್ಧಕ್ಕೆ ಸುಟ್ಟಿತ್ತು. ಎಸ್ಸೆಮ್ಮೆಸ್ಸಿನ ವಿಷಯ ಹೇಳಿದಾಗ ಪದ್ಮಕ್ಕ ನನ್ನ ಮುಖವನ್ನೇ ನೋಡಿದರು.

“ಯಾವ ನಂಬರಿಗೆ ಕಳಿಸ್ಯಾರ್ರಿ? ಪೆಟಗಿ ಒಳಗಿಂದಕ್ಕ? ಮೋಟರ್ ಓದತೈತೇನ್ರಿ ಸಾಹೇಬ್ರ?”

ನಾನು ಪೆಟ್ಟಿಗೆ ತೆರೆದು ಕೆಲಸ ಶುರು ಮಾಡಿದೆ. ತಪಾಸಣೆಗೆಂದು ಬೇರೆ ಕಂಪನಿಗಳ ಸಿಮ್ಮುಗಳೂ ನನ್ನ ಚೀಲದಲ್ಲಿರುತ್ತಿದ್ದವು. ಟೂ ಜಿ ಇನ್ನೂ ಇಟ್ಟುಕೊಂಡಿದ್ದ ಒಂದು ಕಂಪನಿಯದನ್ನು ಹಾಕಿ ಪದ್ಮಕ್ಕನ ಫೋನಿನಿಂದ ಕರೆ ಮಾಡಿದೆ. ಮೋಟರ್ ಗುಂಯ್‌ಗುಟ್ಟಿತು, ಪೈಪಿನಲ್ಲಿ ನೀರು ಬಂತು. ಇಷ್ಟೇ ಸಾಕಿತ್ತು. ತಿಂಗಳ ಹಿಂದೆಯೇ ಅಂಗಡಿಯವನು ಬೇರೆ ಸಿಮ್ ಹಾಕಿ ನೋಡಿ ಎಂದಿದ್ದರೆ ಸಾಕಿತ್ತು.

ಪದ್ಮಕ್ಕನ ಮುಖದಲ್ಲಿ ಸಂತೋಷ ಕಾಣಲಿಲ್ಲ. “ಈಗ ಬಂದ್ರೇನ್ರಿ,” ಎಂದರು. “ನಾನ ನಡಕೋತ ಹೋಗಿ ದಂಡ್ಯಾಗ ಜಾರಿ ಬಿದ್ನಿ. ಬೆಳಿ ಒಣಗಾಕತ್ತಿತ್ತು. ಹ್ವಾದ ವಾರ ಐದ ವರ್ಷದ ಲಾವಣಿಗೆ ಸಹಿ ಮಾಡೇನ್ರಿ.”

ಅಷ್ಟರಲ್ಲಿ ನೀರಿನ ಸಪ್ಪಳ ಕೇಳಿ ಬಾಳಗೌಡ ಬಂದ. ಯಾವ ಕಂಪನಿಯ ಸಿಮ್ ನಡೆಯಿತೆಂದು ಕೇಳಿ, ತನ್ನ ಬಳಿ ಇದ್ದ ಅದೇ ಟೂ ಜಿ ಕಂಪನಿಯ ಸಿಮ್ ತೆಗೆದು, ಇದನ್ನೇ ಹಾಕಿರಿ ಎಂದ. ಹಾಕಿದೆ. ಸ್ಟಾರ್ಟರ್ ಸಿಕ್ಕ ಸಿಕ್ಕವರ ಕರೆಗೆ ಓಗೊಡುವುದಿಲ್ಲ, ನೋಂದಾಯಿಸಿದ ನಂಬರುಗಳಿಗೆ ಮಾತ್ರ. ಅದರಲ್ಲಿ ಮಾಲೀಕರ ನಂಬರ್ ಎಂದು ಒಂದು, ಉಳಿದವರಿಗೆ ಬೇರೆ ಜಾಗ. ಮಾಲೀಕರ ನಂಬರನ್ನು ತನ್ನದಕ್ಕೆ ಬದಲಿಸಬೇಕೆಂದ.

“ಅಕ್ಕಾರ ನಂಬರ್ ಎರಡನೇದಾಗಿ ಇರಲಿ. ಜಾಗ ಐತಿ,” ಎಂದೆ.

“ಬ್ಯಾಡ್ರಿ,” ಎಂದ ಬಾಳಗೌಡ. “ಸುಮ್ನ ಕೈ ತಪ್ಪಿ ಒತ್ತತಾಳ.”

ನಾನು ಪದ್ಮಕ್ಕನ ಕಡೆ ನೋಡಿದೆ. “ಅಂವ ಹೇಳಿದಂಗ ಮಾಡ್ರಿ,” ಎಂದು ಸೆರಗು ಹೊದ್ದು ಮನೆಯ ದಾರಿ ಹಿಡಿದರು. ನಾನು ಅವರ ನಂಬರ್ ಅಳಿಸಿದೆ. ಕರಾರು ಅವನ ಕೈಯಲ್ಲಿತ್ತು, ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಚಿಕ್ಕೋಡಿಗೆ ಮರಳಿ ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದೆ. ಮೋಟರ್ ನಡೆಯುತ್ತಿದೆಯಲ್ಲ ಎಂದು ಅವರು ದೂರನ್ನು ಮೂರನೆಯ ಸಲ ಮುಚ್ಚಿದರು. ಗ್ರಾಹಕರ ಸಮಸ್ಯೆ ಬಗೆಹರಿದಿದೆ ಎಂಬ ಎಸ್ಸೆಮ್ಮೆಸ್ಸನ್ನೂ ಕಳಿಸಿದರು, ಪೆಟ್ಟಿಗೆಯಿಂದ ನಾನು ಕಿತ್ತು ತೆಗೆದಿದ್ದ ಸಿಮ್ಮಿಗೆ. ನನ್ನ ನೌಕರಿ ಕಲಿಸಿದ್ದು ಇಷ್ಟು: ಕಂಪನಿ ಸೇವೆ ಕೊಡುವುದು ನಂಬರಿಗೆ, ಮನುಷ್ಯರಿಗಲ್ಲ. ಪದ್ಮಕ್ಕನ ಹೊಲಕ್ಕೆ ಈಗಲೂ ಹೊತ್ತಿಗೆ ಸರಿಯಾಗಿ ನೀರು ಹಾಯುತ್ತದೆ. ಅದನ್ನು ಹಾಯಿಸುವ ಕೈ ಮಾತ್ರ ಅವರದಲ್ಲ.