ಅಮ್ಮನ ಮೊಣಕಾಲಿಗೆ ತಾಗಿದ ಹಿಡಿ

ಕೊಲ್ಲಿ ದೇಶದ ನಮ್ಮ ಖಾಲಿದಿಯಾ ಬಡಾವಣೆಯ ಸಿಗ್ನಲ್ ದಾಟುತ್ತಿದ್ದಂತೆ ಕಾರಿನ ಬಾನೆಟ್ ಸಂದಿಯಿಂದ ಹಬೆ ಏಳತೊಡಗಿತು. ಪಕ್ಕದ ಫ್ಲ್ಯಾಟಿನ ಹಂಝಾಕ ವಾರದ ಹಿಂದಷ್ಟೇ ಕೊಂಡ ಹಳೆಯ ಬ್ರಿಟಿಷ್ ಕಾರು ಅದು. ಬದಿಗೆ ನಿಲ್ಲಿಸಿದ ಅವರು, "ಇಂಜಿನಿಯರ್ ಜೊತೆಗಿರುವಾಗ ನನಗೆಂತ ಹೆದರಿಕೆ? ಬಾನೆಟ್ ತೆಗೀರಿ ಮಾರಾಯ್ರೆ" ಎಂದರು.

ಊರಿನಿಂದ ಬಂದಿದ್ದ ಅಮ್ಮನಿಗೆ ನನ್ನ ಓದಿನ ಬೆಲೆ ತೋರಿಸುವ ಸಮಯ. ಎಡಗಡೆಯ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಐದು ನಿಮಿಷ ತಡಕಾಡಿದರೂ ಬಾನೆಟ್ ತೆರೆಯುವ ಹಿಡಿ ಸಿಗಲಿಲ್ಲ.

ಬಲಗಡೆಯ ಸೀಟಿನಲ್ಲಿದ್ದ ಅಮ್ಮ, "ಮಗಾ, ಆಗಿನಿಂದ ನನ್ನ ಮೊಣಕಾಲಿಗೆ ಒಂದು ಹಿಡಿ ತಾಗ್ತಾ ಉಂಟು" ಎಂದರು.

"ಅದು ಬೇರೆ ಎಂತದ್ದೋ, ನೀನು ಮುಟ್ಬೇಡ" ಎಂದೆ. ಅಷ್ಟರಲ್ಲಿ ಅವರು ಎಳೆದಾಗಿತ್ತು. ಬಾನೆಟ್ ಟಪ್ಪೆಂದು ತೆರೆಯಿತು.

ಇಂಗ್ಲೆಂಡಿನವರು ರಫ್ತಿಗೆಂದು ಸ್ಟೇರಿಂಗನ್ನು ಎಡಕ್ಕೆ ತಂದವರು, ಹಿಡಿಯನ್ನು ಮಾತ್ರ ತಮ್ಮೂರಿನ ಚಾಲಕ ಕೂರುವ ಬಲಬದಿಯಲ್ಲೇ ಬಿಟ್ಟಿದ್ದರು.

"ಖಲಾಸ್, ಇನ್ನು ಅಮ್ಮನನ್ನೇ ಕೇಳುದು" ಎಂದರು ಹಂಝಾಕ.

ಬೀಡಿ ಕಟ್ಟಿ ನನ್ನನ್ನು ಓದಿಸಿದವರು ಅಮ್ಮ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗ ನಾನು. ಅವರು ಊರಿಗೆ ಮರಳಿದ ಮೇಲೆ, ಮೊನ್ನೆ ವಾಷಿಂಗ್ ಮಷಿನ್ ತಿರುಗದೆ ನಾನು ಸ್ಕ್ರೂಡ್ರೈವರ್ ಹಿಡಿದಾಗ ಅಮ್ಮ ಅಲ್ಲಿಂದಲೇ ವಿಡಿಯೊ ಕಾಲ್‌ನಲ್ಲಿ, "ಮೊದಲು ಆಚೆ ಬದಿ ನೋಡು ಮಗಾ" ಎಂದರು. ನೋಡಿದೆ. ಪ್ಲಗ್ ಹಾಕಿರಲಿಲ್ಲ.