ಸಿಟ್ಟಿನಲ್ಲಿ ನೇಯ್ದ ಸೀರೆ

ಗಜೇಂದ್ರಗಡದ ನೇಕಾರ ಹೊಳಿಯಪ್ಪನ ಸಿಟ್ಟು ದಿನಾ ಮುಂಜಾನೆಯ ಬಸ್ಸಿಗೆ, ಪೇಪರಿನ ಜೊತೆಗೇ ಬಂದಿಳಿಯುತ್ತದೆ. ಚಹಾದಂಗಡಿಯಲ್ಲಿ ಓದುತ್ತಾ ಒಂದು ದಿನ ಮುಂಬಯಿಯ ಮಂತ್ರಿಯ ಮೇಲೆ, ಮತ್ತೊಂದು ದಿನ ಸಕ್ಕರೆ ಬಚ್ಚಿಟ್ಟ ಸಾಹುಕಾರರ ಮೇಲೆ, ಯಾರೂ ಸಿಗದಿದ್ದರೆ ಸುದ್ದಿ ಬರೆದವನ ಮೇಲೇ ಹರಿಹಾಯ್ದು, "ಇವರಿಗೆ ಹೇಳಾವ್ರು ಕೇಳಾವ್ರು ಯಾರೂ ಇಲ್ಲೇನ್ರಿ?" ಎಂದು ಮೇಜು ಗುದ್ದುತ್ತಾನೆ. ಉಳಿದ ಸಿಟ್ಟನ್ನು ಮನೆಗೆ ತಂದು ಮಗ್ಗದ ಮೇಲೆ ತೀರಿಸುತ್ತಾನೆ. ಹಾಗೆ ಬಡಿಬಡಿದು ನೇಯ್ದ ಸೀರೆ ಎಷ್ಟು ಒಗೆದರೂ ಜಾಳಾಗುವುದಿಲ್ಲ. ಯಾವಗಲ್ ಊರಿನಿಂದ ಬರುವ ಹೆಂಗಸರು "ಸಿಟ್ಟಿನ್ಯಾಗ ನೇಯ್ದದ್ದ ಕೊಡ್ರಿ" ಎಂದು ಕೇಳಿ ಒಯ್ಯುತ್ತಾರೆ. ಮೊನ್ನೆ ಮಾತ್ರ ಅವನು ಪೇಪರು ಮಡಚಿಟ್ಟು ಮನೆಗೆ ಬಂದು, ಮಗ್ಗದ ಮುಂದೆ ಸುಮ್ಮನೆ ಕುಳಿತ. ಸದ್ದೇ ಇಲ್ಲವೆಂದು ಹೆಂಡತಿ ಕಳಕವ್ವ ಹೊರಬಂದು, "ಯಾಕ್ರಿ, ಇವತ್ತ ಪೇಪರ್ ಬರಲಿಲ್ಲೇನು?" ಎಂದಳು. "ಬಂದೈತಿ. ಗಿರಣಿ ಸೀರಿ ಅರ್ಧಾ ಬೆಲಿಗೆ ಬರತಾವಂತ," ಎಂದ, ಮಗ್ಗಕ್ಕೆ ಕೇಳಿಸದಂತೆ.